ಚಂದ್ರವಳ್ಳಿಯ ನಡಿಗೆಯನ್ನು ಕೆರೆಯ ಏರಿಯಿಂದ ಆರಂಭಿಸಿ

ಪ್ರಶ್ನೆ: ನಾವು ದಾವಣಗೆರೆಯವರು. ಚಿತ್ರದುರ್ಗದ ಕೋಟೆಯನ್ನು ಹಲವು ಸಲ ನೋಡಿದ್ದೇವೆ. ನನ್ನ ತಾಯಿಗೆ ಈಗ ಎಪ್ಪತ್ತು ದಾಟಿದೆ. ಮೊಣಕಾಲು ನೋವಿರುವುದರಿಂದ ಕೋಟೆಯ ಮೆಟ್ಟಿಲು ಹತ್ತಲಾರರು. ಅವರನ್ನೂ ಐದನೆಯ ತರಗತಿಯಲ್ಲಿರುವ ಮಗಳನ್ನೂ ಕರೆದುಕೊಂಡು ಚಂದ್ರವಳ್ಳಿಯಲ್ಲಿ ಒಂದು ಬೆಳಗ್ಗೆ ನಡೆದಾಡಿ ಬರಬಹುದೇ? ಗುಹೆಯ ಹೊರತು ಅಲ್ಲಿ ನೋಡುವಂಥದ್ದು ಏನಿದೆ?

ಉತ್ತರ: ಅಗತ್ಯವಾಗಿ ಹೋಗಿಬನ್ನಿ. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ನೇರವಾಗಿ ಅಂಕಲಿ ಮಠದ ಗುಹೆಗೆ ಇಳಿದು, ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ಚಂದ್ರವಳ್ಳಿಯನ್ನು ಅರಿಯಬೇಕಾದರೆ ಕೆರೆಯ ಬಳಿಯಿಂದಲೇ ಹೊರಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಕಣಿವೆ ಇದು. ಸುತ್ತಲಿನ ಬೋಳುಬಂಡೆಗಳ ಮೇಲೆ ಬಿದ್ದ ಮಳೆ ನಿಲ್ಲದೆ ಇಳಿದು ತಗ್ಗಿಗೆ ಬರುತ್ತದೆ. ಆ ನೀರನ್ನು ತಡೆದು ನಿಲ್ಲಿಸಿದ್ದರಿಂದಲೇ ಇಲ್ಲಿ ಊರು, ತೋಟ, ದೇವಸ್ಥಾನಗಳೆಲ್ಲ ನೆಲೆಗೊಂಡವು. ಕೆರೆಯ ಏರಿಯ ಮೇಲೆ ನಿಂತು ಸುತ್ತ ನೋಡಿದರೆ ಈ ಮಾತನ್ನು ನಿಮ್ಮ ಮಗಳಿಗೆ ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಕೆರೆಯ ಸಮೀಪದ ಭೈರವೇಶ್ವರ ದೇವಸ್ಥಾನದ ಬಳಿ ಒಂದು ಬಂಡೆಯ ಮೇಲೆ, ಬನವಾಸಿಯ ಕದಂಬ ವಂಶವನ್ನು ಸ್ಥಾಪಿಸಿದ ಮಯೂರಶರ್ಮನ ಶಾಸನವಿದೆ. 4ನೆಯ ಶತಮಾನದ ಈ ಬರಹ ಪ್ರಾಕೃತ ಭಾಷೆಯದು, ಬ್ರಾಹ್ಮಿ ಲಿಪಿಯದು. ಕೇವಲ ಮೂರು ಸಾಲು. ಇದನ್ನು ಓದಿ ಪ್ರಕಟಿಸಿದ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರ ಪಾಠದಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಮೊದಲಾದ ರಾಜವಂಶ, ನಾಡುಗಳ ಹೆಸರುಗಳು ಬರುತ್ತವೆ. ಆ ಹೆಸರುಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಮನಸ್ಸು ನಿಲ್ಲುವುದು ಅದರಲ್ಲಿರುವ ‘ತಟಾಕ’, ಅಂದರೆ ಕೆರೆ, ಎಂಬ ಮಾತಿನ ಮೇಲೆ. ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ ವೇದ ಕಲಿಯಲು ಹೋಗಿ, ಅಲ್ಲಿ ಪಲ್ಲವರ ಕಡೆಯವರಿಂದ ಅವಮಾನಗೊಂಡು ಕತ್ತಿ ಹಿಡಿದನೆಂದು ತಾಳಗುಂದದ ಶಾಸನ ವರ್ಣಿಸುವ ಅದೇ ಮಯೂರಶರ್ಮ, ಇಲ್ಲಿ ಕೆರೆ ಕಟ್ಟಿಸಿದವನಾಗಿ ಕಾಣಿಸಿಕೊಳ್ಳುತ್ತಾನೆ. ಅಕ್ಷರಗಳು ಸವೆದಿವೆ. ಬೆಳಗಿನ ಓರೆಬಿಸಿಲಿನಲ್ಲಿ, ಬಂಡೆಯ ಮಗ್ಗುಲಿಗೆ ಸರಿದು ನೋಡಿದರೆ ಗೆರೆಗಳ ತಗ್ಗಿನಲ್ಲಿ ನೆರಳು ತುಂಬಿಕೊಂಡು ಅವು ಒಂದೊಂದಾಗಿ ಎದ್ದು ಬರುತ್ತವೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದೇ ಬಂಡೆ ಬರಿಯ ಬಂಡೆಯಂತೆ ತೋರುತ್ತದೆ. ಸ್ಪಷ್ಟವಾಗಿ ಕಾಣಲೆಂದು ಸೀಮೆಸುಣ್ಣ ತಿಕ್ಕುವುದಾಗಲೀ ನೀರು ಹಾಕಿ ಉಜ್ಜುವುದಾಗಲೀ ಬೇಡ. ಹದಿನಾರು ಶತಮಾನಗಳ ಬಿಸಿಲು ಮಳೆಯನ್ನು ತಾಳಿಕೊಂಡ ಅಕ್ಷರಗಳವು.

ತಾಯಿಯವರು ಕೆರೆಯ ಸುತ್ತ ನಿಧಾನವಾಗಿ ನಡೆದು, ದಣಿದಾಗ ಮರದ ನೆರಳಿನಲ್ಲಿ ಕುಳಿತುಕೊಳ್ಳಲಿ. ಅಂಕಲಿ ಮಠದ ಒಳಗೆ ಮಾತ್ರ ಅವರನ್ನು ಕರೆದೊಯ್ಯಬೇಡಿ. ಅಲ್ಲಿ ಒಂದರೊಳಗೊಂದು ಸೇರಿದ ಕೋಣೆಗಳಿವೆ, ಬಾಗಿಲುಗಳು ತಗ್ಗು, ಕತ್ತಲು ಕಣ್ಣಿಗೆ ಒಗ್ಗುವಂಥದ್ದಲ್ಲ. ಮಗಳೊಂದಿಗೆ ನೀವು ಇಳಿಯುವುದಾದರೆ ಸ್ಥಳ ಬಲ್ಲವರನ್ನು ಜೊತೆಗಿಟ್ಟುಕೊಂಡು, ಒಳ್ಳೆಯ ಟಾರ್ಚ್ ಹಿಡಿದು ಇಳಿಯಿರಿ. ಮಳೆಗಾಲ ಮುಗಿದು ಚಳಿ ಹಿಡಿಯುವ ದಿನಗಳು ನಡಿಗೆಗೆ ಅತ್ಯುತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ಈ ಬಂಡೆಗಳು ಕಾವಲಿಯಂತೆ ಕಾಯುತ್ತವೆ. ಊರಿನಿಂದ ಮಂಡಕ್ಕಿ ಕಟ್ಟಿಕೊಂಡು ಹೋದರೆ ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗೇ ಇರಲಿ. ಬೆಟ್ಟಸಾಲಿನಲ್ಲಿ ಕರಡಿ, ಚಿರತೆಗಳಿರುವುದರಿಂದ ಹೊತ್ತು ಇಳಿಯುವ ಮುನ್ನ ಹೊರಟುಬಿಡಿ.

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಶಾಲೆಯೊಂದರ ಶಿಕ್ಷಕ. ಪ್ರವಾಸ ಹೋದಾಗ ಚಂದ್ರವಳ್ಳಿಯಲ್ಲಿ ಮಕ್ಕಳಿಗೆ ಬಿಳಿ ಗೆರೆಗಳಿರುವ ಕೆಂಪು ಮಡಕೆಯ ಚೂರೊಂದು ಸಿಕ್ಕಿತು. ಶಾಲೆಯಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ ಮೇಷ್ಟ್ರೇ. ಅಂಥ ಚೂರುಗಳೇ ಚಂದ್ರವಳ್ಳಿಯ ಕಾಲವನ್ನು ತಿಳಿಸಿದ ಸಾಕ್ಷಿಗಳು. ಎಂ.ಎಚ್. ಕೃಷ್ಣ ಅವರ ಉತ್ಖನನದ ನಂತರ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೊಂದಿಗೆ ಇಲ್ಲಿಯೂ ಅಗೆಸಿದರು. ಬಿಳಿ ಚಿತ್ತಾರದ ಕೆಂಪು ಮಡಕೆ, ಸಾತವಾಹನರ ಕಾಲದ ಸೀಸದ ನಾಣ್ಯ, ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಇವೆಲ್ಲ ಈ ಕಣಿವೆಯ ಮಣ್ಣಿನಲ್ಲಿ ದೊರೆತವು. ಯಾವ ಪದರದಲ್ಲಿ ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬುದರಿಂದಲೇ ಇಸವಿ ಗೊತ್ತಾಗುವುದು. ನಾಣ್ಯದ ಕಾಲ ತಿಳಿದಿದ್ದರಿಂದ ಅದರ ಜೊತೆಗಿದ್ದ ಮಡಕೆಯ ಕಾಲವೂ ತಿಳಿಯಿತು. ನೆಲದಿಂದ ಎತ್ತಿ ಕಪಾಟಿಗೆ ಸೇರಿಸಿದ ಚೂರು ಆ ಸಂಬಂಧವನ್ನು ಕಳೆದುಕೊಳ್ಳುತ್ತದೆ. ಮಕ್ಕಳು ಅದರ ಚಿತ್ರ ಬರೆದುಕೊಳ್ಳಲಿ, ಸಿಕ್ಕ ಜಾಗವನ್ನು ಗುರುತು ಮಾಡಿಕೊಳ್ಳಲಿ. ಈಗಾಗಲೇ ತಂದಿದ್ದರೆ ಆ ವಿವರದೊಂದಿಗೆ ಚಿತ್ರದುರ್ಗದ ರಂಗಯ್ಯನ ಬಾಗಿಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿರಿ. ಒಪ್ಪಿಸುವಾಗ ಚೂರನ್ನು ಕಂಡ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.