ಕೊನೆಯ ದಿನದಲ್ಲೇ ಸಿಕ್ಕಿಬಿದ್ದ ನೆನಪು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಲಾಗಿದೆ.)

ಪ್ರದೀಪ, 28 ವರ್ಷ. ಬೆಂಗಳೂರಿನಲ್ಲಿ ಕೆಲಸ, ಊರು ಸೋಮವಾರಪೇಟೆ ಕಡೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರಿಂದ ಸಾಕಿದ್ದು, ಓದಿಸಿದ್ದು ಚಿಕ್ಕಪ್ಪ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿದ್ದಾಗ, ಬೆಳಿಗ್ಗೆ ಕಣದಲ್ಲಿ ಕಾಫಿ ಹರವಿಸುತ್ತಿದ್ದ ಚಿಕ್ಕಪ್ಪ ಕುಸಿದುಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಹಿಂದಿನ ರಾತ್ರಿ ಅವರು ಮಾಡಿದ್ದ ಫೋನನ್ನು ಪ್ರದೀಪ ಕಟ್ ಮಾಡಿದ್ದರು, ವಾಪಸ್ ಮಾಡಿರಲಿಲ್ಲ. ನಮ್ಮಲ್ಲಿಗೆ ಬಂದದ್ದು ಜುಲೈಯಲ್ಲಿ, ಚಿಕ್ಕಮ್ಮನ ಒತ್ತಾಯಕ್ಕೆ. ನಸುಕಿನ ಮೂರಕ್ಕೇ ಎಚ್ಚರ, ವಾರಕ್ಕೆ ನಾಲ್ಕು ದಿನ ಕುಡಿತ. ಊರಿಗೆ ಹೋದರೂ ಕಣದ ಕಡೆ ಸುಳಿಯುವುದಿಲ್ಲ, ಫೋಟೊ ಕಂಡರೆ ಎದ್ದುಹೋಗುತ್ತಾರೆ.

ಏಳು ತಿಂಗಳಾದರೂ ಅಳು ಬರುತ್ತದೆ ಎಂಬುದಷ್ಟೇ ಕಾಯಿಲೆಯಲ್ಲ. ದೀರ್ಘಕಾಲದ ಶೋಕದ ತೊಂದರೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕನಿಷ್ಠ 6 ತಿಂಗಳು ಕಳೆದಿರಬೇಕು ಎನ್ನುತ್ತದೆ. 2022ರ ಡಿಎಸ್‌ಎಂ-5-ಟಿಆರ್ (ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ) ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ಅವಧಿಯ ಜೊತೆಗೆ, ಹಂಬಲ ಹೆಚ್ಚುಕಡಿಮೆ ದಿನವೂ ಕಾಡುತ್ತಿದೆಯೇ, ಕೆಲಸ ಮತ್ತು ಸಂಬಂಧ ಕೆಡುತ್ತಿವೆಯೇ ಎಂದು ನೋಡಬೇಕು. ಪ್ರದೀಪರು 'ಶೋಕದ ಐದು ಹಂತ' (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ) ಓದಿಕೊಂಡು ಬಂದು, ತಾನು ಕೋಪದ ಹಂತದಲ್ಲೇ ನಿಂತಿದ್ದೇನೆ ಎನ್ನುತ್ತಿದ್ದರು. ಆ ಹಂತಗಳ ಮಾತು ಹುಟ್ಟಿದ್ದು ಸಾವಿನಂಚಿನಲ್ಲಿದ್ದ ರೋಗಿಗಳೊಂದಿಗಿನ ಮಾತುಕತೆಯಿಂದ. ತೀರಿಕೊಂಡವರ ಹಿಂದೆ ಉಳಿದವರ ದುಃಖ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುವುದಿಲ್ಲ.

ಮೊದಲ ಭೇಟಿಯಲ್ಲಿ ಸುರಕ್ಷತೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಎಲ್ಲಿದೆ, ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿದೆ ಎಂಬುದನ್ನೂ ಬಿಡುವಂತಿಲ್ಲ. "ಚಿಕ್ಕಪ್ಪನ ಹತ್ರ ಹೋಗ್ಬೇಕು ಅನ್ಸುತ್ತೆ" ಎಂದರು. ಬರೀ ಹಂಬಲ ಎಂದು ಬಿಡದೆ ಬಿಡಿಸಿ ಕೇಳಿದಾಗ, ಯೋಜನೆ ಏನೂ ಇರಲಿಲ್ಲ. ಚಿಕ್ಕಪ್ಪನ ಹೆಸರಿನ ಪರವಾನಗಿಯ ಕೋವಿ ಮಾತ್ರ ಮನೆಯಲ್ಲೇ ಇತ್ತು. ಪರವಾನಗಿದಾರರು ತೀರಿಕೊಂಡ ಮೇಲೆ ಅದನ್ನು ಠಾಣೆಗೋ ಪರವಾನಗಿ ಇರುವ ಮಾರಾಟಗಾರರಿಗೋ ಒಪ್ಪಿಸಬೇಕೆಂಬುದು ಕಾನೂನು. ಆ ನೆಪದಲ್ಲೇ ಅದು ಮನೆಯಿಂದ ಹೊರಗೆ ಹೋಯಿತು. ಔಷಧಿ ಕೋಣೆಯ ಬೀಗದ ಕೈ ಚಿಕ್ಕಮ್ಮನ ಬಳಿ.

ಹಠಾತ್ ಸಾವಿನಲ್ಲಿ ಕೊನೆಯ ದಿನವೊಂದೇ ಇಡೀ ಬದುಕನ್ನು ನುಂಗಿಬಿಡುತ್ತದೆ. ಚಿಕ್ಕಪ್ಪ ಎಂದರೆ ಪ್ರದೀಪರಿಗೆ ಆ ಕಟ್ ಮಾಡಿದ ಫೋನು, ಅಷ್ಟೇ. ಹೀಗಿರುವಾಗ "ನಿಮ್ಮ ತಪ್ಪೇನಿಲ್ಲ ಬಿಡಿ" ಎಂದರೆ ನಾಟುವುದಿಲ್ಲ, ಹತ್ತಾರು ಜನ ಆಗಲೇ ಹೇಳಿರುತ್ತಾರೆ. ಕಾಗದದ ಮೇಲೆ ಒಂದು ವೃತ್ತ ಬರೆಸಿ, ಸಾವಿಗೆ ಕಾರಣವಾಗಿರಬಹುದಾದ ಎಲ್ಲವನ್ನೂ ಪಟ್ಟಿ ಮಾಡಿಸಿದೆವು: ಬಿಪಿ ಮಾತ್ರೆ ಬಿಟ್ಟದ್ದು, ಬೀಡಿ, ಎದೆಯುರಿಯನ್ನು ಗ್ಯಾಸ್ ಎಂದುಕೊಂಡದ್ದು, ದೂರದ ಆಸ್ಪತ್ರೆ. ಪ್ರತಿಯೊಂದಕ್ಕೂ ಪಾಲು ಕೊಡಿಸಿ, ತನ್ನ ಪಾಲನ್ನು ಕೊನೆಗೆ ಬರೆಸಬೇಕು. ಮೊದಲೇ ಬರೆಸಿದರೆ ಅದೇ ಮುಕ್ಕಾಲು ವೃತ್ತ ತಿನ್ನುತ್ತದೆ. ಶೇ. 80 ಎನ್ನುತ್ತಿದ್ದವರು 10ಕ್ಕೆ ಬಂದರು. ಸೊನ್ನೆಗೆ ಇಳಿಸಲು ನಾವು ಹೋಗಲಿಲ್ಲ.

ಆ ಫೋನು ಯಾಕೆ ಬಂದಿತ್ತೆಂದು ಚಿಕ್ಕಮ್ಮನನ್ನು ಅವರು ಕೇಳಿಯೇ ಇರಲಿಲ್ಲ. ಇವನಿಗೆ ನೋವಾದೀತೆಂದು ಚಿಕ್ಕಮ್ಮನೂ ಬಾಯಿ ಬಿಟ್ಟಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿದೆವು. "ಕರಿಮೆಣಸು ಈಗ್ಲೇ ಕೊಡೋದಾ, ಇಟ್ಕೊಳ್ಳೋದಾ ಅಂತ ಕೇಳೋಕೆ ಮಾಡಿದ್ರು ಕಣೋ" ಎಂದರು ಚಿಕ್ಕಮ್ಮ. ಇಂಥ ಜಂಟಿ ಭೇಟಿಗೆ ಮೊದಲು ಏನು ಕೇಳಲಿದ್ದಾರೆಂದು ಇಬ್ಬರಿಂದಲೂ ತಿಳಿದುಕೊಳ್ಳಬೇಕು. ಉತ್ತರ ಬೇರೆಯಾಗಿದ್ದಿದ್ದರೆ, ಅದನ್ನು ತಡೆದುಕೊಳ್ಳುವ ಸಿದ್ಧತೆ ಬೇಕಿತ್ತು.

ಕಣದ ಭಯಕ್ಕೆ ಮೆಲ್ಲಮೆಲ್ಲನೆ ಹತ್ತಿರವಾಗುವ ದಾರಿ: ಮೊದಲು ಫೋನಿನಲ್ಲಿ ಕಣದ ಚಿತ್ರ, ಆಮೇಲೆ ಜಗಲಿಯಿಂದ ನೋಡುವುದು, ಆಮೇಲೆ ಅಂಚಿನಲ್ಲಿ ನಿಲ್ಲುವುದು, ಕೊನೆಗೆ ಅದೇ ಜಾಗ. ತಳಮಳಕ್ಕೆ 10ರಲ್ಲಿ ಅಂಕ ಕೊಟ್ಟುಕೊಂಡು, ಅದು ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಏರಿದಾಗಲೇ ಓಡಿಬಂದರೆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿದು ಹೋಗುವುದು ಲೆಕ್ಕಕ್ಕಿಲ್ಲ.

ಇದಾದ ಮೇಲೇ ನೆನಪಿನ ಕೆಲಸ. ಕೊಡಗಿನ ಎಷ್ಟೋ ಬೆಳೆಗಾರರಂತೆ ಚಿಕ್ಕಪ್ಪನೂ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಿದ್ದರು (100 ಸೆಂಟ್ ಒಂದು ಇಂಚು). ಆ ಪುಸ್ತಕದಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ, 2018ರ ಆಗಸ್ಟಿನ ಆ ಭಯಾನಕ ಮಳೆ, ಅಂಚಿನಲ್ಲಿ ಆಳುಗಳ ಲೆಕ್ಕ, "ಪ್ರದೀಪನ ರಿಸಲ್ಟ್" ಎಂಬ ಒಂದು ಸಾಲು. ದಿನಕ್ಕೆ ಒಂದು ವರ್ಷದ ಪುಟ, 20 ನಿಮಿಷ, ಮಲಗುವ ಹೊತ್ತಿನಲ್ಲಿ ಬೇಡ ಎಂದೆವು. ಓದಿದ್ದಾದ ಮೇಲೆ ತಾನು ಕಂಡ ಚಿಕ್ಕಪ್ಪನ ಬಗ್ಗೆ ನಾಲ್ಕು ಸಾಲು. ಮುಂಗೋಪ, ಹಠ ಎಲ್ಲವೂ ಬರಲಿ. ತೀರಿಹೋದವರನ್ನು ದೇವರು ಮಾಡಿಬಿಟ್ಟರೆ ಅವರ ಮುಂದೆ ನಾವು ಅಪರಾಧಿಗಳೇ ಆಗಿ ಉಳಿಯುತ್ತೇವೆ. ಮಳೆಯ ಅಳತೆ ಮುಂದುವರಿಸಬೇಕೆನಿಸಿದರೆ ಇಂದಿನಿಂದ ಬರೆಯಿರಿ, ನಡುವಿನ ತಿಂಗಳುಗಳನ್ನು ಅಂದಾಜಿನಲ್ಲಿ ತುಂಬಬೇಡಿ ಎಂದೂ ಹೇಳಿದೆವು.

ವಾಟ್ಸಾಪ್‌ನ ಚಿಕ್ಕಪ್ಪನ ದನಿ ಸಂದೇಶಗಳನ್ನು ಕಾಪಿ ಮಾಡಿ ಎರಡು ಕಡೆ ಇಡಿಸಿದೆವು. ಪ್ರೀಪೇಯ್ಡ್ ನಂಬರು 90 ದಿನ ಬಳಕೆಯಾಗದಿದ್ದರೆ ರದ್ದಾಗಿ, ಮುಂದೆ ಬೇರೆಯವರ ಪಾಲಾಗಬಹುದು. ಅದೇ ಹೆಸರಿನಡಿ ಅಪರಿಚಿತರ ಫೋಟೊ ಕಂಡು ಬೆಚ್ಚಿದವರಿದ್ದಾರೆ. ಚಿಕ್ಕಮ್ಮ ರೀಚಾರ್ಜ್ ಮಾಡಿಸುತ್ತಿದ್ದರಿಂದ ಇಲ್ಲಿ ಹಾಗಾಗಲಿಲ್ಲ.

ವರ್ಷಾಬ್ದಿಕಕ್ಕೆ ಒಂದೇ ದಿನ ಎಂದು ಎಣಿಸಬಾರದು. ತಿಥಿ ಸುಮಾರು 11 ದಿನ ಮೊದಲೇ ಬರುತ್ತದೆ, ನಡುವೆ ಅಧಿಕಮಾಸ ಬಂದರೆ ತಡವಾಗುತ್ತದೆ, ತಾರೀಖು ಬೇರೆ. ಅದಕ್ಕೂ ಮೊದಲೇ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ವಾಸನೆ ಕಾಡತೊಡಗುತ್ತದೆ. ನವೆಂಬರ್ ಕೊನೆಯಿಂದಲೇ ವಾರಕ್ಕೊಂದು ಫೋನ್ ಮಾತುಕತೆ, ತಿಥಿಯ ದಿನ ಒಬ್ಬರೇ ಗಾಡಿ ಓಡಿಸದಿರುವುದು, ರಾತ್ರಿ ಅಣ್ಣನೊಬ್ಬ ಜೊತೆಗಿರುವುದು ಎಂದು ಬರೆದುಕೊಂಡಿದ್ದೇವೆ. ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ.

ಕುಡಿತ ವಾರಕ್ಕೆ ಒಂದು ದಿನಕ್ಕೆ ಇಳಿದಿದೆ. ನಿದ್ದೆ ಇನ್ನೂ ಸರಿಹೋಗಿಲ್ಲ. ಅದಕ್ಕಾಗಿ ಮಡಿಕೇರಿಯಲ್ಲಿ ಮನೋವೈದ್ಯರನ್ನು ಕಾಣಲು ಬರೆದುಕೊಟ್ಟಿದ್ದೇವೆ.