ಆ ಕೋಳಿಯನ್ನ ಯಾರು ತಿಂತಾ ಇದಾರೆ?

ನಮಸ್ಕಾರ,

ನಿಮ್ಮ ‘ಅಲ್ಟಿಮೇಟ್‌ನ ಹತ್ತು ಅಮರ ಆಟಗಳು’ ಲೇಖನವನ್ನು, ಅಂದರೆ ಅಲ್ಟಿಮೇಟ್ ಎಂಬ ಹಳೇ ಬ್ರಿಟಿಷ್ ಕಂಪನಿಯ ಕಂಪ್ಯೂಟರ್ ಆಟಗಳ ಬಗ್ಗೆ ಬರೆದದ್ದನ್ನು, ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಅಷ್ಟೇ ಆಗಿದ್ದರೆ ಎರಡು ಸಾಲಲ್ಲಿ ತಿಳಿಸಿ ಸುಮ್ಮನಾಗುತ್ತಿದ್ದೆ. ಆದರೆ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದರಿಂದಾಗಿ ಈ ಪತ್ರ ಉದ್ದವಾಗುತ್ತಿದೆ.

2020ರ ಲಾಕ್‌ಡೌನ್. ತಿಪಟೂರಿನ ಮನೆಯಲ್ಲಿ ನೀವು ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಹಳೇ ಯಂತ್ರದ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಹಾಕಿಕೊಂಡು ‘ಆಟಿಕ್ ಅಟಾಕ್’ ಆಡುತ್ತಿದ್ದೀರಿ. ಪಕ್ಕದಲ್ಲಿ ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಾರೆ. ಪರದೆಯ ಒಂದು ಬದಿಯಲ್ಲಿ ಇಡೀ ಹುರಿದ ಕೋಳಿಯ ಚಿತ್ರ. ನಿಮ್ಮ ಶಕ್ತಿ ಕಡಿಮೆಯಾದ ಹಾಗೆಲ್ಲ ಕೋಳಿಯ ಮಾಂಸ ಕರಗಿ ಮೂಳೆ ಕಾಣುತ್ತದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ ಕೇಳುತ್ತಾರೆ: “ಆ ಕೋಳಿಯನ್ನ ಯಾರು ತಿಂತಾ ಇದಾರೆ?”

ಆಮೇಲೆ ಪ್ರತಿ ಸಂಜೆ ಅವರೇ ಬಂದು ಕೂರುತ್ತಿದ್ದರು, “ಮೂಳೆ ಬಂತು, ಹುಷಾರು” ಎಂದು ಎಚ್ಚರಿಸುತ್ತಿದ್ದರು ಎಂದು ಬರೆದಿದ್ದೀರಿ. ಒಟ್ಟು ಏಳು ಸಾಲು. ಮುಂದಿನ ಸಾಲಿನಲ್ಲೇ ‘ಈ ಆಟವು ಅದ್ಭುತವಾದ ಗ್ರಾಫಿಕ್ಸ್ ಅನ್ನು ಹೊಂದಿದೆ’ ಎಂದು ಶುರು ಮಾಡಿ ಅಜ್ಜಿಯನ್ನು ಬಿಟ್ಟುಬಿಟ್ಟಿದ್ದೀರಿ. ಯಾಕೆ ಸ್ವಾಮಿ?

ಅಜ್ಜಿಗೆ ಆಟದ ನಿಯಮ ಗೊತ್ತಿಲ್ಲ, ಇಂಗ್ಲಿಷ್ ಬರುವುದಿಲ್ಲ, ಜೀವನದಲ್ಲಿ ಕಂಪ್ಯೂಟರ್ ಮುಟ್ಟಿಲ್ಲ. ಆದರೂ ಎರಡು ನಿಮಿಷದಲ್ಲಿ ಅವರಿಗೆ ಲೆಕ್ಕ ಗೊತ್ತಾಯಿತು: ಕೋಳಿ ಮುಗಿದರೆ ಹುಡುಗ ಮುಗಿದ. 1983ರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಊರಲ್ಲಿ ಕೂತು ಇಬ್ಬರು ಅಣ್ಣತಮ್ಮಂದಿರು ಬರೆದ ಆಟ ತಿಪಟೂರಿನ ಅಜ್ಜಿಗೆ ಹೇಳಿಕೊಡದೆಯೇ ಅರ್ಥವಾಗಿದೆ. ಈ ಆಟ ಯಾಕೆ ಒಳ್ಳೆಯದು ಎಂದು ನೀವು ಹನ್ನೊಂದು ಪುಟದಲ್ಲಿ ಹೇಳಲು ಹೊರಟದ್ದು ಆ ಏಳು ಸಾಲಲ್ಲೇ ಬಂದಿದೆ. ಉಳಿದ ಪುಟಗಳಲ್ಲಿ ‘ಅದ್ಭುತ’ ಎಂಬ ಪದ ಇದೆ. ಎಣಿಸಿದೆ, ಮೂವತ್ತೊಂದು ಸಲ.

ಈಗ ಸ್ವಲ್ಪ ಖಾರದ ಮಾತು. ಬೇಸರ ಮಾಡಿಕೊಳ್ಳಬೇಡಿ.

ಲೇಖನದ ಮೊದಲ ಪುಟದಲ್ಲಿ ‘ಆ ಸುವರ್ಣ ದಿನಗಳು’ ಎಂದು ಬರೆದಿದ್ದೀರಿ. ರಬ್ಬರ್ ಕೀಗಳ ಮೇಲೆ ಬೆರಳು ಓಡಿಸುತ್ತಾ, ಆಟ ಲೋಡ್ ಆಗಲು ಕ್ಯಾಸೆಟ್ ತಿರುಗುವಾಗ ಎದೆ ಬಡಿದುಕೊಳ್ಳುತ್ತಾ, ಐದು ನಿಮಿಷ ಉಸಿರು ಬಿಗಿಹಿಡಿದು ಕಾಯುತ್ತಿದ್ದಿರಂತೆ. ಜೊತೆಗಿದ್ದ ಪರಿಚಯದಲ್ಲಿ ಹುಟ್ಟಿದ ವರ್ಷ 1998 ಎಂದಿದೆ! ಸಿಂಕ್ಲೇರ್‌ನವರ ಜಡ್‌ಎಕ್ಸ್ ಸ್ಪೆಕ್ಟ್ರಮ್, ಅಂದರೆ ಈ ಆಟಗಳು ಓಡುತ್ತಿದ್ದ ಮನೆ ಕಂಪ್ಯೂಟರ್, ಬಂದದ್ದು 1982ರ ಏಪ್ರಿಲ್‌ನಲ್ಲಿ. ನೀವು ಹುಟ್ಟುವ ಹೊತ್ತಿಗೆ ಆ ಯಂತ್ರ ಅಟ್ಟ ಸೇರಿ ವರ್ಷಗಳಾಗಿದ್ದವು. ನಿಮ್ಮ ಎಮ್ಯುಲೇಟರ್‌ನಲ್ಲಿ ಆಟ ಕಣ್ಣು ಮಿಟುಕಿಸುವುದರೊಳಗೆ ಲೋಡ್ ಆಗುತ್ತದೆ, ಅಲ್ವಾ? ಹಾಗಾದರೆ ಈ ಎದೆಬಡಿತ ಯಾರದ್ದು?

ಇದು ಸಾಲ ತಂದ ನೆನಪು. ಬ್ರಿಟಿಷರು ಬರೆದ ನೂರಾರು ನೆನಪುಗಳನ್ನು ಓದಿ ಅದೇ ಅಂಗಿ ನೀವೂ ತೊಟ್ಟುಕೊಂಡಿದ್ದೀರಿ. ಅಳತೆ ಸರಿಯಾಗಿಲ್ಲ. ನೀವು ಬೇಕೆಂದೇ ಸುಳ್ಳು ಹೇಳಿದ್ದೀರಿ ಎನ್ನುತ್ತಿಲ್ಲ. ಈ ವಿಷಯದ ಬಗ್ಗೆ ಹೀಗೇ ಬರೆಯಬೇಕು ಎಂಬ ಒಂದು ಧಾಟಿ ಇದೆ, ಅದಕ್ಕೆ ಬಿದ್ದಿದ್ದೀರಿ.

ನಿಜವಾಗಿ ಕ್ಯಾಸೆಟ್ ಮುಂದೆ ಕೂತವನು ಏನು ಹೇಳುತ್ತಾನೆ ಗೊತ್ತಾ? ನನ್ನದೇ ಕೇಳಿ. ‘ಭಾರತದಲ್ಲಿ ಈ ಯಂತ್ರವನ್ನು ಯಾರೂ ಕಂಡಿರಲಿಲ್ಲ’ ಎಂದು ಬರೆದಿದ್ದೀರಲ್ಲ, ಅದು ತಪ್ಪು. ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಎಂಬತ್ತರ ದಶಕದ ಕೊನೆಯಲ್ಲಿ ಮಾರುತ್ತಿತ್ತು. ಬೆಳಗಾವಿಯಲ್ಲಿದ್ದ ನನ್ನ ಸೋದರಮಾವ ಒಂದನ್ನು ತಂದಿದ್ದರು. ಅದರಲ್ಲಿ ರಬ್ಬರ್ ಕೀ ಇರಲಿಲ್ಲ. ‘ಪ್ಲಸ್’ ಮಾದರಿಗೆ ಗಟ್ಟಿ ಪ್ಲಾಸ್ಟಿಕ್ ಕೀಗಳು. ಮನೆಯ ಟೀವಿಗೆ ಜೋಡಿಸಿ, ಟೇಪ್‌ರೆಕಾರ್ಡರಿನಿಂದ ವೈರ್ ಎಳೆದು, ನಕಲು ಮಾಡಿದ ಕ್ಯಾಸೆಟ್ ಹಾಕಿದರೆ ಕರ್ಕಶ ಸದ್ದು, ಪರದೆಯ ಅಂಚಿನಲ್ಲಿ ನೀಲಿ ಹಳದಿ ಪಟ್ಟೆ. ನಾಲ್ಕು ನಿಮಿಷ ಆದ ಮೇಲೆ ‘ಆರ್ ಟೇಪ್ ಲೋಡಿಂಗ್ ಎರರ್’. ಮತ್ತೆ ರಿವೈಂಡ್. ವಾಲ್ಯೂಮ್ ಒಂದು ಕೂದಲೆಳೆ ತಿರುಗಿಸು, ಮತ್ತೆ ಹಾಕು. ಅಷ್ಟರಲ್ಲಿ ಅತ್ತೆ ಬಂದು ಸೀರಿಯಲ್ ಶುರುವಾಯಿತು ಎಂದು ಟೀವಿ ಕೇಳುತ್ತಿದ್ದರು. ನನಗೆ ನೆನಪಿರುವುದು ಎದೆಬಡಿತ ಅಲ್ಲ, ಬೋರು. ಆಟವನ್ನೇ ನೋಡದೆ ವಾಪಸ್ ಬಂದ ರಜೆಯೂ ಇದೆ.

ಹಾಗಾಗಿ ಮೊದಲ ಎರಡು ಪುಟ ತೆಗೆದುಹಾಕಿ. ನೀವು 2020ರಲ್ಲಿ ಆಡಿದವರು. ಅದನ್ನು ಮುಚ್ಚಿಡಬೇಡಿ, ಅದರಿಂದಲೇ ಶುರು ಮಾಡಿ. ಹಳೇ ಯಂತ್ರದ ನಂಟೇ ಇಲ್ಲದ ಒಬ್ಬರಿಗೆ ಈ ಆಟಗಳಲ್ಲಿ ಇಷ್ಟು ವರ್ಷದ ಮೇಲೂ ಏನು ಸಿಕ್ಕಿತು ಎನ್ನುವುದನ್ನು ನಾನು ಕನ್ನಡದಲ್ಲಿ ಇನ್ನೂ ಓದಿಲ್ಲ.

ಮೂರು, ನಾಲ್ಕನೇ ಪುಟದ ಚರಿತ್ರೆಯೂ ಬೇಡ. ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್, ಕಂಪನಿಯ ಹೆಸರು ಆ್ಯಶ್ಬಿ ಕಂಪ್ಯೂಟರ್ಸ್ ಆ್ಯಂಡ್ ಗ್ರಾಫಿಕ್ಸ್, ಆಟಗಳ ಮೇಲೆ ಹಾಕುತ್ತಿದ್ದ ಹೆಸರು ‘ಅಲ್ಟಿಮೇಟ್ ಪ್ಲೇ ದ ಗೇಮ್’, ಮುಂದೆ ಇದೇ ಅಣ್ಣತಮ್ಮಂದಿರು ರೇರ್ ಕಂಪನಿ ಕಟ್ಟಿದರು, 2002ರಲ್ಲಿ ಮೈಕ್ರೋಸಾಫ್ಟ್ ಅದನ್ನು 37.5 ಕೋಟಿ ಡಾಲರಿಗೆ ಕೊಂಡಿತು. ಇಷ್ಟು ಸಾಕು, ಮೂರು ಸಾಲಾಯಿತು. ಕಂಪನಿ ಲಂಡನ್‌ನಲ್ಲಿತ್ತು ಎಂದಿದ್ದೀರಿ. ಇರಲಿಲ್ಲ. ಲೆಸ್ಟರ್‌ಶೈರಿನ ಆ್ಯಶ್ಬಿ ಡಿ ಲಾ ಜೂಶ್ ಎಂಬ ಸಣ್ಣ ಪೇಟೆ. ಹೆಸರಲ್ಲೇ ಊರು ಇದೆ ನೋಡಿ. ಆಟಿಕ್ ಅಟಾಕ್‌ನಲ್ಲಿ ನೀವು ಮೂರು ತುಂಡು ಸೇರಿಸಿ ಮಾಡುವ ಚಿನ್ನದ ಕೀಲಿಕೈ ಮೇಲೆ ಕಾಣುವ ‘ಎಸಿಜಿ’ ಅದೇ ಕಂಪನಿಯ ಮೊದಲಕ್ಷರಗಳು. ಇದನ್ನು ಬೇಕಾದರೆ ಉಳಿಸಿಕೊಳ್ಳಿ, ಚೆನ್ನಾಗಿದೆ.

ಹತ್ತು ಆಟಗಳ ಪಟ್ಟಿ ಬಗ್ಗೆ. ಹತ್ತರಲ್ಲಿ ನೀವು ನಿಜವಾಗಿ ಆಡಿದ್ದು ಎಷ್ಟು? ‘ಸೈಬರನ್’ ಬಗ್ಗೆ ಎರಡೇ ಸಾಲಿದೆ, ಅದೂ ಯಾವುದೋ ಜಾಹೀರಾತಿನ ಧ್ವನಿಯಲ್ಲಿ. ‘ಪೆಂಟಗ್ರಾಮ್’ಗೂ ಅದೇ ಗತಿ. ‘ಲೂನಾರ್ ಜೆಟ್‌ಮ್ಯಾನ್’ ಕೊನೆಯಲ್ಲಿ ವಾಹನಕ್ಕೆ ಕಟ್ಟುವ ಒಂದು ಟ್ರೇಲರ್ ಸಿಗುತ್ತದೆ ಎಂದು ಬರೆದಿದ್ದೀರಿ. ಸಿಗುವುದಿಲ್ಲ. ಅದೊಂದು ಹಳೇ ಗಾಳಿಸುದ್ದಿ. ಆ ಕಾಲದ ಓದುಗರೇ ನಕಲಿ ಚಿತ್ರ ನೋಡಿ ಮೋಸ ಹೋಗಿದ್ದರು. ನೀವು ಆಡಿ ನೋಡಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ. ಮೂರು ಆಟ ಇಟ್ಟುಕೊಳ್ಳಿ: ಜೆಟ್‌ಪ್ಯಾಕ್, ಆಟಿಕ್ ಅಟಾಕ್, ನೈಟ್ ಲೋರ್. ಸೇಬರ್ ವುಲ್ಫ್ ಬಿಡಲು ಮನಸ್ಸಿಲ್ಲದಿದ್ದರೆ ನೈಟ್ ಲೋರ್ ಜೊತೆ ಒಂದು ಮಾತಲ್ಲಿ ಬರಲಿ. ಹಿಂದಿನ ಆಟಗಳಿಗೆ ಐದೂವರೆ ಪೌಂಡ್ ಇದ್ದಾಗ ಸೇಬರ್ ವುಲ್ಫ್‌ಗೆ 9.95 ಪೌಂಡ್ ಇಟ್ಟರು ಎಂಬ ವಿಷಯ ಅಷ್ಟರಲ್ಲೇ ಹಿಡಿಸುತ್ತದೆ. ನಕ್ಷತ್ರ ಕೊಡುವುದೂ ಬೇಡ. ಹತ್ತಕ್ಕೆ ಹತ್ತೂ ಐದು ನಕ್ಷತ್ರ ಪಡೆದರೆ ಓದುಗನಿಗೆ ಏನು ತಿಳಿಯಿತು?

ಜೆಟ್‌ಪ್ಯಾಕ್ ಬಗ್ಗೆ ನೀವು ‘ಸಣ್ಣ ಮೆಮೊರಿಯಲ್ಲಿ ಅದ್ಭುತ ಸಾಧನೆ’ ಎಂದು ನಿಲ್ಲಿಸಿದ್ದೀರಿ. ಎಷ್ಟು ಸಣ್ಣ? ಲೆಕ್ಕ ಹಾಕಿ ತೋರಿಸಿ. ಅದು 16 ಕೆ ಯಂತ್ರಕ್ಕೆ ಬರೆದ ಆಟ, ಅಂದರೆ 16,384 ಬೈಟ್. ಪರದೆಯ ಚಿತ್ರಕ್ಕೇ 6,912 ಬೈಟ್ ಹೋಗುತ್ತದೆ. ಉಳಿದ ಒಂಬತ್ತು ಕೆಬಿ ಚಿಲ್ಲರೆಯಲ್ಲಿ ರಾಕೆಟ್ಟು, ಇಂಧನ, ಲೇಸರು, ಬಗೆಬಗೆಯ ಶತ್ರುಗಳು ಎಲ್ಲ ಹಿಡಿಯಬೇಕು. ತಮಾಷೆಗೆ ನಿಮ್ಮ ಲೇಖನವನ್ನು ಬರೀ ಟೆಕ್ಸ್ಟ್ ಆಗಿ ಸೇವ್ ಮಾಡಿ ನೋಡಿದೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತು ಮೂರು ಬೈಟ್ ತಿನ್ನುತ್ತದಲ್ಲ, ಒಟ್ಟು 54 ಕೆಬಿ ಆಯಿತು. ಆಗಿನ ದೊಡ್ಡ ಸ್ಪೆಕ್ಟ್ರಮ್‌ನ ಇಡೀ ಮೆಮೊರಿಯೇ 48 ಕೆ. ನಿಮ್ಮ ಹೊಗಳಿಕೆ ಆ ಯಂತ್ರದೊಳಗೇ ಹಿಡಿಯುವುದಿಲ್ಲ. ಕತ್ತರಿಸಿ ಎನ್ನಲು ನನಗೆ ಇದಕ್ಕಿಂತ ಒಳ್ಳೆ ನೆಪ ಸಿಗಲಿಕ್ಕಿಲ್ಲ.

ನೈಟ್ ಲೋರ್ ಭಾಗಕ್ಕೆ ಜಾಸ್ತಿ ಕೆಲಸ ಬೇಕು. ಅಲ್ಲಿ ಮೂರು ತೊಂದರೆ ಇದೆ.

ಜಗತ್ತಿನ ಮೊದಲ ‘ಸಮಮಾಪನ ಪ್ರಕ್ಷೇಪ’ದ ಆಟ ಎಂದಿದ್ದೀರಿ. ಮೊದಲನೆಯದಲ್ಲ. ಜಾಕ್ಸನ್, ಕ್ಯೂಬರ್ಟ್ ಎಂಬ ಆಟಗಳು 1982ರಲ್ಲೇ ಬಂದಿದ್ದವು. ಸ್ಪೆಕ್ಟ್ರಮ್‌ನಲ್ಲೇ 1983ರಲ್ಲಿ ‘ಆ್ಯಂಟ್ ಅಟ್ಯಾಕ್’ ಇತ್ತು. ಮತ್ತೆ ಆ ಪದ! ನಿಘಂಟು ಹುಡುಕಿ ತಂದಿದ್ದೀರಿ, ಶ್ರಮ ಕಾಣುತ್ತದೆ, ಆದರೆ ಯಾರಿಗೂ ಏನೂ ಕಾಣುವುದಿಲ್ಲ. ಅಟ್ಟದ ಏಣಿ ಮೇಲೆ ನಿಂತು ಕೋಣೆಯನ್ನು ಮೂಲೆಯಿಂದ ನೋಡಿದ ಹಾಗೆ ಎಂದರೆ ಆಯಿತಲ್ಲ. ಸ್ಪ್ರೈಟ್, ಪಿಕ್ಸೆಲ್, ಜಾಯ್‌ಸ್ಟಿಕ್ ಇವನ್ನೆಲ್ಲ ಹಾಗೇ ಬಿಡಿ. ಜಾಯ್‌ಸ್ಟಿಕ್‌ಗೆ ನೀವು ಹಾಕಿದ ‘ಕ್ರೀಡಾದಂಡ’ ಓದಿ ನಮ್ಮ ಆಫೀಸಿನಲ್ಲಿ ಇಬ್ಬರು ನಕ್ಕರು.

‘ತಾಂತ್ರಿಕ ದೌರ್ಬಲ್ಯದಿಂದ ಬಣ್ಣಗಳಿಲ್ಲ’ ಎಂದು ಒಂದೇ ಮಾತಲ್ಲಿ ಮುಗಿಸಿದ್ದೀರಿ. ಇಲ್ಲೇ ನಿಲ್ಲಬೇಕಿತ್ತು. ಸ್ಪೆಕ್ಟ್ರಮ್ ಪರದೆ ಚೌಕುಳಿ ನೋಟ್‌ಬುಕ್ಕಿನ ಹಾಳೆ ಇದ್ದ ಹಾಗೆ. ಅಡ್ಡ 32, ಉದ್ದ 24, ಒಟ್ಟು 768 ಚೌಕ. ಒಂದು ಚೌಕದಲ್ಲಿ ಎಂಟಕ್ಕೆಂಟು ಚುಕ್ಕಿ. ಆದರೆ ಒಂದು ಚೌಕಕ್ಕೆ ಎರಡೇ ಬಣ್ಣ. ಕೆಂಪು ದೆವ್ವದ ಹಿಂದೆ ಹಸಿರು ಮೇಜು ಬಂದರೆ ಒಂದರ ಬಣ್ಣ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತದೆ, ಹೋಳಿ ಮಾರನೇ ದಿನದ ಅಂಗಿಯಂತೆ. ನೈಟ್ ಲೋರ್‌ನಲ್ಲಿ ನಾಯಕ ಸೇಬರ್‌ಮ್ಯಾನ್ ಕಲ್ಲಿನ ಹಿಂದೆ ಹೋಗಬೇಕು, ಪೆಟ್ಟಿಗೆ ಮೇಲೆ ಹತ್ತಬೇಕು, ಎಲ್ಲವೂ ಒಂದರ ಮೇಲೊಂದು ಬರುತ್ತದೆ. ಅದಕ್ಕೇ ಒಂದು ಕೋಣೆಗೆ ಒಂದೇ ಬಣ್ಣ ಮತ್ತು ಕಪ್ಪು. ಬಣ್ಣ ಬಿಟ್ಟುಕೊಟ್ಟು ಆಳ ಪಡೆದರು. ಇದನ್ನು ದೌರ್ಬಲ್ಯ ಎನ್ನುವವರು ಅನ್ನಲಿ, ನನಗಂತೂ ಜಾಣತನವಾಗಿ ಕಾಣುತ್ತದೆ.

ಮೂರನೆಯದು ಕಾಲಕ್ರಮ. ಸೇಬರ್ ವುಲ್ಫ್ ಮಾಡಿ ಕಲಿತ ಮೇಲೆ ನೈಟ್ ಲೋರ್ ಮಾಡಿದರು ಎಂದು ನಿಮ್ಮ ವಾದ. ಎರಡೂ ಮಾರುಕಟ್ಟೆಗೆ ಬಂದದ್ದು 1984ರಲ್ಲಿ, ಸೇಬರ್ ವುಲ್ಫ್ ಮೊದಲು, ಸರಿ. ಆದರೆ ನೈಟ್ ಲೋರ್ ಅದಕ್ಕಿಂತ ಮುಂಚೆಯೇ ಸಿದ್ಧವಾಗಿತ್ತು, ಬೇಕೆಂದೇ ತಡೆದಿಟ್ಟಿದ್ದೆವು ಎಂದು ಆ ಅಣ್ಣತಮ್ಮಂದಿರೇ ಮುಂದೆ ಹೇಳಿಕೊಂಡರು. ನೈಟ್ ಲೋರ್ ನೋಡಿದ ಮೇಲೆ ಸೇಬರ್ ವುಲ್ಫ್ ಯಾರು ಕೊಳ್ಳುತ್ತಾರೆ ಎಂಬ ಲೆಕ್ಕ. ಸಂದರ್ಶನವನ್ನೇ ಅಪರೂಪಕ್ಕೆ ಕೊಡುತ್ತಿದ್ದವರ ಮಾತು. ಅವರ ಮಾತನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಓದುಗನಿಗೆ ಅದನ್ನು ಹೇಳಲೇಬೇಕು. ನಿಮ್ಮ ‘ಕಲಿತರು’ ವಾದಕ್ಕಿಂತ ಇದು ಎಷ್ಟೋ ಸ್ವಾರಸ್ಯವಾಗಿದೆ.

ಇನ್ನು ಆಟದೊಳಗೆ ಬನ್ನಿ. ರಾತ್ರಿಯಾದಾಗ ಸೇಬರ್‌ಮ್ಯಾನ್ ತೋಳ ಆಗುತ್ತಾನೆ, ನಲವತ್ತು ದಿನದೊಳಗೆ ಕೊಪ್ಪರಿಗೆಗೆ ಹದಿನಾಲ್ಕು ವಸ್ತು ಹಾಕಬೇಕು ಎಂದು ಕಥೆ ಹೇಳಿದ್ದೀರಿ. ಆ ರೂಪ ಬದಲಾಗುವಾಗ ನಿಮ್ಮ ಕೈಗೆ ಏನಾಗುತ್ತದೆ? ಕೀ ಒತ್ತಿದರೂ ಅವನು ಕೇಳುವುದಿಲ್ಲ. ಮೈ ನಡುಗುತ್ತಾ ನಿಂತಲ್ಲೇ ನಿಲ್ಲುತ್ತಾನೆ, ಏನಾದರೂ ಬಂದು ಬಡಿದರೆ ಬಡಿಸಿಕೊಳ್ಳಬೇಕು. ಕೋಣೆಯಲ್ಲಿ ಓಡಾಡುವ ವಸ್ತು ಜಾಸ್ತಿಯಿದ್ದರೆ ಇಡೀ ಆಟ ನೀರೊಳಗೆ ನಡೆದ ಹಾಗೆ ನಿಧಾನವಾಗುತ್ತದೆ, ಖಾಲಿ ಕೋಣೆಗೆ ಬಂದರೆ ಸರ್ರನೆ ಓಡುತ್ತದೆ. ನೀವು ಆಡಿದವರು, ಇದು ಗೊತ್ತಿರಲೇಬೇಕು. ಆದರೆ ಬರೆದಿಲ್ಲ. ಆಡಿದವನ ಬೆರಳಿಗೆ ಮಾತ್ರ ಗೊತ್ತಿರುವುದನ್ನು ಬರೆದರೆ ‘ಅದ್ಭುತ’ ತಾನಾಗಿ ಉದುರಿಹೋಗುತ್ತದೆ.

ಭಾಷೆಯ ಬಗ್ಗೆ ಒಂದೇ ದೂರು. ಆಟಿಕ್ ಅಟಾಕ್ ಬಗ್ಗೆ ಹೀಗೆ ಬರೆದಿದ್ದೀರಿ: ‘ಈ ಆಟವು ಮೂರು ಪಾತ್ರಗಳನ್ನು ಹೊಂದಿದೆ.’ ಕನ್ನಡದಲ್ಲಿ ಆಟ ಏನನ್ನೂ ಹೊಂದುವುದಿಲ್ಲ. ಆಟದಲ್ಲಿ ಮೂವರು ಇದ್ದಾರೆ: ಮಾಂತ್ರಿಕ, ಯೋಧ, ಆಳು. ಮಾಂತ್ರಿಕ ಪುಸ್ತಕದ ಕಪಾಟಿನೊಳಗೆ ನುಗ್ಗುತ್ತಾನೆ, ಯೋಧ ದೊಡ್ಡ ಗಡಿಯಾರದೊಳಗೆ, ಆಳು ಪೀಪಾಯಿಯೊಳಗೆ. ಒಬ್ಬನಿಗೆ ದಾರಿಯಾದದ್ದು ಇನ್ನೊಬ್ಬನಿಗೆ ಬರೀ ಸಾಮಾನು. ಸತ್ತ ಜಾಗದಲ್ಲಿ ಒಂದು ಗೋರಿಕಲ್ಲು ಉಳಿಯುತ್ತದೆ, ಆಮೇಲೆ ಅದೇ ಕೋಣೆಗೆ ಬಂದಾಗ ನಮ್ಮದೇ ಗೋರಿ ದಾಟಿ ಹೋಗಬೇಕು. ಇದನ್ನೂ ಅಜ್ಜಿ ನೋಡಿರಬೇಕಲ್ಲ? ಅವರು ಸುಮ್ಮನಿದ್ದರು ಎಂದರೆ ನಾನು ನಂಬುವುದಿಲ್ಲ.

ಸಾವಿರದ ಇನ್ನೂರು ಪದ ಮೀರದ ಹಾಗೆ ಹೊಸದಾಗಿ ಬರೆಯಿರಿ. ಹಳೆಯದನ್ನು ತಿದ್ದಲು ಹೋಗಬೇಡಿ, ಪಕ್ಕಕ್ಕಿಟ್ಟು ಖಾಲಿ ಹಾಳೆಯಲ್ಲಿ ಶುರು ಮಾಡಿ. ಅವಸರವಿಲ್ಲ, ಮುಂದಿನ ತಿಂಗಳ ಹದಿನೈದರೊಳಗೆ ಬಂದರೆ ಸಾಕು.

ಕೊನೆಗೆ ಒಂದು ಪ್ರಶ್ನೆ, ಇದು ಸಂಪಾದಕನದ್ದಲ್ಲ, ಕುತೂಹಲ ಅಷ್ಟೇ. ಚಿನ್ನದ ಕೀಲಿಕೈಯ ಮೂರೂ ತುಂಡು ಕೊನೆಗೂ ಸಿಕ್ಕವಾ? ಬಾಗಿಲು ತೆಗೆದ ದಿನ ಅಜ್ಜಿ ಪಕ್ಕದಲ್ಲಿ ಇದ್ದರಾ?

ಇಂತಿ,
ಸಂಪಾದಕ