ನಡುಹೊಲದ ಟವರ್ ಬದುವಿಗೆ ಸರಿದೀತೇ?

ಪ್ರಶ್ನೆ: ಮುಧೋಳ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಕಬ್ಬು. 220 ಕೆ.ವಿ. ವಿದ್ಯುತ್ ಮಾರ್ಗದ ಟವರ್‌ಗೆಂದು ನಡುಹೊಲದಲ್ಲಿ ಗುರುತು ಹಾಕಿ ಹೋಗಿದ್ದಾರೆ. ಬದುವಿಗೆ ಸರಿಸಿ ಎಂದರೆ ಆಗದು ಎನ್ನುತ್ತಾರೆ. ನಾವು ಬೇಡವೆನ್ನಬಹುದೇ? ಪರಿಹಾರ ಎಷ್ಟು?

ಉತ್ತರ: ಮೊದಲು ಹೇಳಿ, ಬದು ಯಾವ ದಿಕ್ಕಿಗಿದೆ? ತಂತಿ ಸಾಗುವ ಗುಂಟ ಹಿಂದೆ ಅಥವಾ ಮುಂದೆ ಇದ್ದರೆ ಟವರನ್ನು ಕೆಲವು ಮೀಟರ್ ಸರಿಸುವುದು ಅಂಥ ಕಷ್ಟವಲ್ಲ. ಅಡ್ಡಕ್ಕಿದ್ದರೆ ಮಾತು ಬೇರೆ, ಅತ್ತ ಸರಿಸಿದರೆ ಮಾರ್ಗವೇ ಬಾಗುತ್ತದೆ. ಮಾರ್ಗ ಬಾಗಿದ ಕಡೆ ಎರಡೂ ಬದಿಯ ತಂತಿಗಳು ಟವರನ್ನು ಒಳಮಗ್ಗುಲಿಗೆ ಜಗ್ಗುತ್ತವೆ. ಅಲ್ಲಿ ಭಾರಿ ಟವರ್, ದೊಡ್ಡ ಅಡಿಪಾಯ ಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನಿಮ್ಮ ಎರೆ ಮಣ್ಣಿನಲ್ಲಿ ಆ ಖರ್ಚು ಇನ್ನೂ ಏರುತ್ತದೆ. ‘ಆಗದು’ ಎಂಬ ಒಂದೇ ಮಾತಿಗೆ ಸುಮ್ಮನಾಗದೆ ನಕ್ಷೆ ತೋರಿಸಲು ಕೇಳಿ. ಅಡಿಪಾಯ ತೋಡಿದ ಮೇಲೆ ಕೇಳಿ ಫಲವಿಲ್ಲ.

ಸಾರಾಸಗಟಾಗಿ ತಡೆಯುವುದು ಕಷ್ಟ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ ಸರ್ಕಾರ ಆದೇಶ ಹೊರಡಿಸಿದ್ದರೆ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಮಾರ್ಗ ಎಳೆಯುವವರಿಗೆ ದೊರೆಯುತ್ತದೆ. ಬ್ರಿಟಿಷರ ಕಾಲದ ತಂತಿ ಕಾನೂನು ಇಂದಿಗೂ ನಿಮ್ಮ ಹೊಲಕ್ಕೆ ಕಾಲಿಡುತ್ತದೆ! ಆ ಆದೇಶದ ಪ್ರತಿ ಕೇಳಿ ಪಡೆಯಿರಿ. ಅದಿದ್ದರೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಅಡ್ಡಿಪಡಿಸಿದರೆ ಜಿಲ್ಲಾಧಿಕಾರಿ ಕೆಲಸಕ್ಕೆ ಅನುವು ಮಾಡಿಕೊಡಬಹುದು. ಭೂಸ್ವಾಧೀನವಲ್ಲವಾದ್ದರಿಂದ ಪಹಣಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಪರಿಹಾರದ ವಿಷಯ. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿ ಟವರ್ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. 2024ರ ಜೂನ್ ಮಾರ್ಗಸೂಚಿ ಟವರ್ ಜಾಗದ ಪರಿಹಾರವನ್ನು ಶೇ 200ಕ್ಕೆ ಏರಿಸಿದೆ. ಪಟ್ಟಿಗೆ ಗ್ರಾಮೀಣ ಭಾಗದಲ್ಲಿ ಶೇ 30. ಇದನ್ನು ಜಾರಿಗೆ ತರಬೇಕಾದವರು ರಾಜ್ಯಗಳು. ಆದ್ದರಿಂದ ನಿಮ್ಮ ಮಾರ್ಗಕ್ಕೆ ಯಾವ ದರ ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಬರಹದಲ್ಲೇ ಪಡೆಯಿರಿ. ಬೆಳೆ ಪರಿಹಾರ ಪ್ರತ್ಯೇಕ. ಕಬ್ಬು ಕಡಿಯುವ ಮೊದಲೇ ಪಂಚನಾಮೆ ಮಾಡಿಸಿ, ಫೋಟೊ ತೆಗೆದಿಡಿ. ಮೊತ್ತ ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು.

ತಂತಿಯ ಕೆಳಗೆ ಮುಂದೆಯೂ ಕಬ್ಬು ಬೆಳೆಯಬಹುದು, ಎತ್ತರದ ಮರ ಮಾತ್ರ ಬೇಡ. ಹಾಗೆಯೇ ಕಟಾವಿನ ನಂತರ ಅಲ್ಲಿ ರವದಿಗೆ (ಕಬ್ಬಿನ ಒಣ ಸೋಗೆಗೆ) ಬೆಂಕಿ ಹಚ್ಚಬೇಡಿ. ಜ್ವಾಲೆ, ಹೊಗೆಗಳಿಂದ ವಿದ್ಯುತ್ತನ್ನು ತಡೆಯುವ ಗಾಳಿಯ ಗುಣ ಕುಗ್ಗಿ, ತಂತಿಯಿಂದ ನೆಲಕ್ಕೆ ವಿದ್ಯುತ್ ಜಿಗಿಯಬಹುದು.